ಬೀಜ ಕಚ್ಚದ ಬಿ.ಎಸ್ಸಿ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬಿ.ಎಸ್ಸಿ. ಪಾಸಾದವನು, ಅದೂ ರಸಾಯನಶಾಸ್ತ್ರದಲ್ಲಿ, ಅದೂ ಸೆಕೆಂಡ್ ಕ್ಲಾಸಿನಲ್ಲಿ, ಅದೂ ಒಂದೇ ಏಟಿಗೆ. ಈ ಮೂರೂ ವಿವರಗಳನ್ನು ಆ ಕಾಲದಲ್ಲಿ ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ದೊಡವಾಡದಲ್ಲಿ ಡಿಗ್ರಿ ಆದವರನ್ನು ಬೆರಳೆಣಿಸಿ ಹೇಳಬಹುದಾಗಿತ್ತು. ನಮ್ಮ ಓಣಿಯ ಮಟ್ಟಿಗಂತೂ ಒಂದೇ ಬೆರಳು ಸಾಕಾಗುತ್ತಿತ್ತು, ಅದು ಯಾರ ಕಡೆಗೆ ತಿರುಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ನಾಲ್ಕು ವರ್ಷ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬಂದು ಗಳಿಸಿದ ಪದವಿ ಅದು. ಪದವೀಧರನೆಂದ ಮೇಲೆ ಕರಿ ಗೌನು ತೊಟ್ಟ ಫೋಟೋ ಬೇಕಲ್ಲ? ಧಾರವಾಡದ ಸ್ಟುಡಿಯೋ ಒಂದರಲ್ಲಿ ಗೌನು ಬಾಡಿಗೆಗೆ ಕೊಡುತ್ತಿದ್ದರು. ಆ ವರ್ಷ ಪಾಸಾದ ನಾವೆಲ್ಲ ಒಂದೇ ಗೌನಿನೊಳಗೆ ಸರದಿಯ ಮೇಲೆ ಹೊಕ್ಕು ಹೊರಬಂದೆವು. ಕೈಯಲ್ಲಿ ಹಿಡಿಯಲು ಸುರುಳಿ ಸುತ್ತಿದ ಪದವಿ ಪತ್ರವನ್ನೂ ಅವರೇ ಕೊಡುತ್ತಿದ್ದರು. ನಾನು ಕುತೂಹಲಕ್ಕೆ ಬಿಚ್ಚಿ ನೋಡಿದರೆ ಅದು ಹಿಂದಿನ ವರ್ಷದ ಕ್ಯಾಲೆಂಡರಿನ ಹಾಳೆ. ಅದನ್ನೇ ಎದೆಗವಚಿಕೊಂಡು, ದೂರದ ಯಾವುದೋ ಮಹಾ ಗುರಿಯನ್ನು ನೋಡುವವನ ಹಾಗೆ ಮುಖ ಮಾಡಿ ನಿಂತೆ. ಫೋಟೋ ಚೆನ್ನಾಗಿ ಬಂತು.

ನಿಜವಾದ ಪದವಿ ಪತ್ರ ಕೈಗೆ ಬಂದ ದಿನ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಮ್ಮಪ್ಪ ಎತ್ತು ಕೊಳ್ಳುವಾಗಲೂ ಹೀಗೆಯೇ ನೋಡುತ್ತಿದ್ದರು.

"ಇದರಾಗ ನಿನಗ ಏನೇನ ಮಾಡಾಕ ಬರತೈತಿ ಅಂತ ಬರದಾರೇನು?" ಎಂದು ಕೇಳಿದರು.

"ಹಂಗ ಬರಿಯೂದಿಲ್ಲಪ್ಪ. ಪಾಸ್ ಆಗ್ಯಾನ ಅಂತ ಅಷ್ಟ ಬರೀತಾರ" ಎಂದೆ.

"ಹೌದನು?" ಎಂದು ಸುಮ್ಮನಾದರು. ಎತ್ತು ಒಗ್ಗದಿದ್ದರೂ ಅವರು ಹೀಗೆಯೇ "ಹೌದನು?" ಎಂದು ಸುಮ್ಮನಾಗುತ್ತಿದ್ದರು.

ಅವ್ವ ಹಾಗಲ್ಲ. ಅವಳಿಗೆ ನನ್ನ ವಿದ್ಯೆಯ ಮೇಲೆ ಭಾರೀ ನಂಬಿಗೆ. ಒಮ್ಮೆ ಎರಡು ಡಬ್ಬಿ ತಂದು ಮುಂದಿಟ್ಟಳು. ಒಂದರಲ್ಲಿ ಸೋಡಾಪುಡಿ, ಇನ್ನೊಂದರಲ್ಲಿ ನೀರು ತಿಳಿ ಮಾಡಲು ಕುಟ್ಟಿಟ್ಟ ಪಟಕ. ಯಾವುದು ಯಾವುದೆಂದು ಮರೆತುಹೋಗಿದೆ, ನೋಡಿ ಹೇಳು ಎಂದಳು. ಎರಡೂ ಬೆಳ್ಳಗೆ, ಎರಡೂ ನುಣ್ಣಗೆ. ಬಿಳಿ ಪುಡಿಗಳನ್ನು ಗುರುತಿಸುವುದೇ ನನ್ನ ಪ್ರಾಕ್ಟಿಕಲ್ ಪರೀಕ್ಷೆಯ ವಿಷಯವಾಗಿತ್ತು. ಒಳ್ಳೆಯ ಮಾರ್ಕೂ ಬಿದ್ದಿತ್ತು. ಗಂಟಲು ಸರಿಪಡಿಸಿಕೊಂಡು, "ಇದಕ್ಕ ಲ್ಯಾಬ್ ಬೇಕವ್ವ. ಆ್ಯಸಿಡ್ ಬೇಕು, ಗಾಜಿನ ನಳಿಗಿ ಬೇಕು" ಎಂದೆ. ಅವ್ವ ಒಂದೊಂದರಿಂದ ಚಿಟಿಕೆ ಎತ್ತಿ ನಾಲಿಗೆಗೆ ಹಚ್ಚಿಕೊಂಡಳು. "ಇದ ಪಟಕ" ಎಂದು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ನನ್ನ ಮೇಲಿನ ನಂಬಿಗೆ ಆಗಲೂ ಕಡಿಮೆಯಾಗಲಿಲ್ಲ, ಪಾಪ. ಲ್ಯಾಬಿಲ್ಲದೆ ಮಗನಿಗೆ ಎಷ್ಟು ತ್ರಾಸು ಎಂದು ನೊಂದುಕೊಂಡಳಂತೆ.

ಒಂದೂವರೆ ವರ್ಷ ಅರ್ಜಿ ಬರೆದೆ. ಸಂದರ್ಶನಕ್ಕೆ ಕರೆದವರೇ ಕಡಿಮೆ. ಕರೆದವರು ರಸಾಯನಶಾಸ್ತ್ರವನ್ನು ಕೇಳಲಿಲ್ಲ. ಒಬ್ಬರು ಯಾವುದೋ ಪರ್ವತದ ಎತ್ತರ ಕೇಳಿದರು. ಇನ್ನೊಬ್ಬರು ನಿಮ್ಮ ಹವ್ಯಾಸವೇನು ಎಂದರು. ಹವ್ಯಾಸವೆಂದರೆ ಅರ್ಜಿ ಬರೆಯುವುದು ಎಂದು ನಿಜ ಹೇಳಲು ಧೈರ್ಯ ಸಾಲದೆ ಚದುರಂಗ ಎಂದೆ. ಅವರು ಕುದುರೆ ಹೇಗೆ ನಡೆಯುತ್ತದೆ ಎಂದರು. ನಾನು ನಾಲ್ಕು ಕಾಲಿನ ಮೇಲೆ ಎಂದೆ.

ಕೊನೆಗೆ ಬೈಲಹೊಂಗಲದ ಒಂದು ಹತ್ತಿ ಮಾರಾಟದ ಸಂಘದವರು ನನ್ನನ್ನು ತೆಗೆದುಕೊಂಡರು. ಸಂಘಕ್ಕೆ ಅಂಟಿಕೊಂಡೇ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಊರವರ ಬಾಯಲ್ಲಿ ಅದು 'ಜೀನು'. ನನ್ನ ಕೆಲಸ ಗ್ರೇಡರ್. ರೈತರು ಬಂಡಿಯಲ್ಲಿ ತಂದ ಹತ್ತಿಯನ್ನು ನೋಡಿ ಇದು ಮೊದಲ ದರ್ಜೆ, ಇದು ಎರಡನೆಯದು, ಇದು ಹಸಿ, ಇದನ್ನು ಒಳಗೆ ಬಿಡಬೇಡಿ ಎಂದು ಚೀಟಿ ಬರೆದು, ಸಂಘದ ಮೊಹರಿನ ಸಿಕ್ಕೆ ಹಾಕುವುದು. ಆ ವರ್ಷವಷ್ಟೇ ಸಂಘದ ಕಮಿಟಿಯವರು ಹೊಸ ನಿಯಮ ಮಾಡಿದ್ದರು: ಗ್ರೇಡರ್ ಪದವೀಧರನೇ ಆಗಿರಬೇಕು. ಯಾವ ವಿಷಯದ ಪದವಿ ಎಂದು ಹೇಳಿರಲಿಲ್ಲ. ನಾನು ಸಂಸ್ಕೃತದಲ್ಲಿ ಬಿ.ಎ. ಮಾಡಿದ್ದರೂ ನಡೆಯುತ್ತಿತ್ತು.

ಈ ನಿಯಮ ಬರುವ ಮುಂಚೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಕೆಲಸ ಮಾಡಿದವರು ಇಮಾಮಸಾಬರು. ಕನ್ನಡ ನಾಲ್ಕನೆಯ ಇಯತ್ತೆ ಓದಿದವರು. ಸಣ್ಣ ಆಳು, ಬಿಳಿ ಗಡ್ಡ, ಬೇಸಿಗೆಯಲ್ಲೂ ಮೈಮೇಲೆ ಒಂದು ಮಾಸಿದ ಕರಿ ಕೋಟು. ನನ್ನ ನೇಮಕದಿಂದಾಗಿ ಅವರು ಒಂದೇ ದಿನದಲ್ಲಿ ಗ್ರೇಡರ್ ಹೋಗಿ ಗ್ರೇಡರನ ಸಹಾಯಕರಾಗಿದ್ದರು. ಮೊದಲ ದಿನ ನಾನು ಹೋದಾಗ ಸಿಕ್ಕೆಯನ್ನು ತಮ್ಮ ಹೆಗಲ ಟವೆಲ್ಲಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಒಂದು ಸಲ ಒರೆಸಿದರೆ ಸಾಕಿತ್ತು; ಮೂರು ಸಲ ಒರೆಸಿದರು. ಆಮೇಲೆ ಕುರ್ಚಿಯನ್ನೂ ಒರೆಸಿದರು.

"ಕುಂಡ್ರರಿ ಸಾಹೇಬ್ರ."

"ನೀವೂ ಕುಂಡ್ರರಿ ಇಮಾಮಸಾಬ್ರ."

"ನಾ ಎಂದೂ ಕುಂತಾಂವ ಅಲ್ರಿ. ಹತ್ತಿ ಕುಂತವರಿಗೆ ತನ್ನ ಗುಣಾ ಹೇಳೂದಿಲ್ರಿ" ಎಂದರು. ಚುಚ್ಚಿ ಹೇಳಿದ್ದೋ, ಕಲಿಸಿ ಹೇಳಿದ್ದೋ ನನಗೆ ತಿಳಿಯಲಿಲ್ಲ. ಅಂತೂ ನಾನು ಕುಳಿತೆ.

ಹತ್ತಿಯ ಬೆಲೆಯಿರುವುದು ಅದರ ಎಳೆಯ ಉದ್ದದಲ್ಲಿ ಎಂದು ಎಲ್ಲೋ ಓದಿಕೊಂಡು ಹೋಗಿದ್ದೆ. ಹೋಗುವಾಗ ಒಂದು ಭೂತಗನ್ನಡಿ, ಒಂದು ಫೂಟಪಟ್ಟಿ, ಒಂದು ಚಿಮಟ ಒಯ್ದಿದ್ದೆ. ಮೊದಲ ಬಂಡಿಯ ಅಂಡಿಗೆಯಿಂದ, ಅಂದರೆ ಹತ್ತಿ ತುಂಬಿದ ಆನೆಗಾತ್ರದ ಚೀಲದಿಂದ, ಹಿಡಿಯಷ್ಟು ತೆಗೆದು ಮೇಜಿನ ಮೇಲೆ ಹರಡಿ, ಒಂದೊಂದೇ ಎಳೆಯನ್ನು ಚಿಮಟದಿಂದ ಹಿಡಿದು ಅಳೆಯತೊಡಗಿದೆ. ಗಾಳಿ ಬಂದಾಗಲೆಲ್ಲ ಎಳೆ ಹಾರಿಹೋಗುತ್ತಿತ್ತು, ಮತ್ತೆ ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ಎರಡು ಬಂಡಿ ಮುಗಿದವು. ಉಳಿದ ಬಂಡಿಗಳ ಸಾಲು ಗೇಟು ದಾಟಿ ರಸ್ತೆಗಿಳಿದು ಬಸ್ಸುಗಳನ್ನು ತಡೆದಿತ್ತು. ಹೊರಗೊಬ್ಬ ರೈತ ಇನ್ನೊಬ್ಬನಿಗೆ, "ಒಳಗ ಯಾರೋ ಡಾಕ್ಟರು ಬಂದಾರಂತೋ. ಹತ್ತೀದು ಆಪರೇಷನ್ ನಡದೈತಿ" ಎನ್ನುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಇಮಾಮಸಾಬರು ನನ್ನ ಕಿವಿಯ ಹತ್ತಿರ ಬಂದು, "ಅಪ್ಪಣೆ ಇದ್ರ ನಾ ಒಂದೀಟ ಕೈ ಹಚ್ಚಲೇನ್ರಿ?" ಎಂದರು.

ಆಮೇಲೆ ನೋಡಿದ್ದನ್ನು ಈಗಲೂ ಬಣ್ಣಿಸಲು ನನಗೆ ಬರುವುದಿಲ್ಲ. ಬಂಡಿಯ ಹತ್ತಿರ ಹೋಗಿ ಅಂಡಿಗೆಯೊಳಗೆ ಮೊಳಕೈತನಕ ಕೈ ಹಾಕಿ ಒಂದು ಚಿಟಿಕೆ ತೆಗೆದರು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರು, ಮಡಚಿದರು, ಮತ್ತೆ ಎಳೆದರು. ಮೂರನೆಯ ಸಲಕ್ಕೆ ಆ ಗೋಜಲು ಗೋಜಲಾದ ಹತ್ತಿ ಬಾಚಿದ ಕೂದಲಿನ ಹಾಗೆ ನೇರವಾಗಿ ನಿಂತಿತು. ಅದನ್ನು ಕೋಟಿನ ಕರಿ ತೋಳಿನ ಮೇಲೆ ಇಟ್ಟರು. ಆ ಕೋಟು ಬೇಸಿಗೆಯಲ್ಲೂ ಯಾಕೆಂದು ಆಗ ತಿಳಿಯಿತು.

"ಮುಕ್ಕಾಲ ಇಂಚು, ಮ್ಯಾಲೆ ಒಂದ ಜ್ವಾಳದ ಕಾಳು" ಎಂದರು.

ನಾನು ಫೂಟಪಟ್ಟಿ ಹಚ್ಚಿ ನೋಡಿದೆ. ಮುಕ್ಕಾಲು ಇಂಚು. ಮೇಲೆ ಉಳಿದದ್ದು ಜೋಳದ ಕಾಳಿನಷ್ಟೇ. ಇನ್ನೊಂದು ಬಂಡಿ ನೋಡಿದರು, ಅಳತೆ ಹೇಳಿದರು, ಪಟ್ಟಿ ಹಚ್ಚಿದೆ, ಸರಿ. ಐದನೆಯ ಬಂಡಿಯ ಹೊತ್ತಿಗೆ ಫೂಟಪಟ್ಟಿ ಸರಿಯಿದೆಯೋ ಇಲ್ಲವೋ ಎಂದು ನೋಡಲು ನಾನು ಇಮಾಮಸಾಬರನ್ನು ಬಳಸುತ್ತಿದ್ದೆ. ಒಂದು ಅಂಡಿಗೆಯಲ್ಲಿ ಕೈಯಾಡಿಸಿದವರು ತುಸು ನಿಂತು ಬಂಡಿಯವನ ಮುಖ ನೋಡಿದರು. "ಎರಡ ಹೊಲದ ಹತ್ತಿ ಕೂಡಿಸೀರಿ. ಒಂದ ಎರಿ, ಒಂದ ಮಸಾರಿ. ಅಣ್ಣ ತಮ್ಮ ಮತ್ತ ಒಂದಾದ್ರೇನು?" ಬಂಡಿಯವನು ನಾಚಿಕೊಂಡು, "ಹೌದ್ರಿ, ಯುಗಾದಿಗೆ ಒಂದಾದಿವ್ರಿ" ಎಂದ. ಕರಿ ಮಣ್ಣಿನ ಹೊಲದ ಎಳೆಗೂ ಕೆಂಪು ಮಣ್ಣಿನದಕ್ಕೂ ಅವರ ಬೆರಳಿಗೆ ಅಷ್ಟು ವ್ಯತ್ಯಾಸ ತಿಳಿಯುತ್ತಿತ್ತು. ನಾವು ಪೋಸ್ಟ್ ಕಾರ್ಡು ಓದುವ ಹಾಗೆ ಅವರು ಹತ್ತಿ ಓದುತ್ತಿದ್ದರು. ಮನೆಯ ಸಮಾಚಾರ ಸಮೇತ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಹೌದು, ನಿಂತಿದ್ದೆ. ಕುರ್ಚಿಯಿಂದ ಯಾವಾಗ ಎದ್ದೆನೋ ನೆನಪಿಲ್ಲ.

ಹೀಗೆ ನಮ್ಮ ಸಂಸಾರ ಸುರುವಾಯಿತು. ಅವರು ನೋಡುವುದು, ನಾನು ಬರೆಯುವುದು. ಒಂದೇ ಒಂದು ವಿಷಯದಲ್ಲಿ ನನಗೂ ಅವರಿಗೂ ಸೇರುತ್ತಿರಲಿಲ್ಲ. ಹತ್ತಿ ಹಸಿಯೋ ಒಣಗಿದ್ದೋ ನೋಡಲು ಅವರು ಬೀಜ ಕಚ್ಚುತ್ತಿದ್ದರು. ಅಂಡಿಗೆಯ ತಳದಿಂದ ಒಂದು ಬೀಜ ತೆಗೆದು ಬಾಯಿಗೆ ಹಾಕಿ ಮುಂದಿನ ಹಲ್ಲಿನಿಂದ ಕಡಿಯುವುದು. ಕಟ್ಟೆಂದರೆ ಒಣಗಿದ್ದು, ಮೆತ್ತಗೆ ಚಪ್ಪಟೆಯಾದರೆ ಹಸಿ. "ನೀವೂ ಕಡದ ನೋಡ್ರಿ ಸಾಹೇಬ್ರ, ರೂಢಿ ಆಗತೈತಿ" ಎಂದು ದಿನಾ ಹೇಳುತ್ತಿದ್ದರು. ಹತ್ತು ಜನರ ಮುಂದೆ, ಟೆರಿಲಿನ್ ಶರ್ಟು ತೊಟ್ಟ ಪದವೀಧರ ಅಳಿಲಿನ ಹಾಗೆ ಬೀಜ ಕಡಿಯುತ್ತ ನಿಲ್ಲುವುದೆ? "ನೀವು ಕಡದ ಹೇಳ್ರಿ, ಸಾಕು" ಎನ್ನುತ್ತಿದ್ದೆ.

ಆ ಬೇಸಿಗೆಯಲ್ಲಿ ಇಮಾಮಸಾಬರು ತಂಗಿಯ ಮಗಳ ಮದುವೆಗೆಂದು ಮೂರು ದಿನ ಸವದತ್ತಿಗೆ ಹೋದರು. ಹೋಗುವಾಗ ಗೇಟಿನ ತನಕ ಹೋದವರು ತಿರುಗಿ ಬಂದು, "ಮಳಿ ಹೊಯ್ದರ ಬೀಜಾ ಕಡೀರಿ ಸಾಹೇಬ್ರ, ಮರೀಬ್ಯಾಡ್ರಿ" ಎಂದರು. ಅದೇ ರಾತ್ರಿ ಅಕಾಲದ ಮಳೆ ಹೊಡೆಯಿತು. ಮರುದಿನ ಸಂಪಗಾಂವದ ಒಬ್ಬ ಅಜ್ಜ ನಾಲ್ಕು ಬಂಡಿ ಹತ್ತಿ ತಂದ. ಅವತ್ತೇ ನೋಡಿ, ಕಿತ್ತೂರಿನಲ್ಲಿ ಹೈಸ್ಕೂಲು ಮಾಸ್ತರನಾಗಿದ್ದ ನನ್ನ ಕಾಲೇಜಿನ ಗೆಳೆಯನೊಬ್ಬ ನನ್ನ ಆಫೀಸು ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ. ನಾನು ಅಷ್ಟರಲ್ಲಿ ಎಳೆ ಎಳೆಯುವುದನ್ನು ಅರೆಬರೆ ಕಲಿತಿದ್ದೆ. ಗತ್ತಿನಿಂದ ಎಳೆದೆ. ಹತ್ತಿ ಬೆಳ್ಳಗೆ ಹೊಳೆಯುತ್ತಿತ್ತು. "ಫಸ್ಟ್ ಗ್ರೇಡ್" ಎಂದೆ.

ಅಜ್ಜನೇ ತಡೆದ. "ಮ್ಯಾಲೆ ತಾಡಪತ್ರಿ ಹಾಕಿದ್ನಿರಿ ಸಾಹೇಬ್ರ. ಕೆಳಗ ಬಂಡಿ ಸಂದ್ಯಾಗ ನೀರ ಬಂದೈತೋ ಏನೋ. ಒಂದ ಬೀಜಾ ಕಡದ ನೋಡ್ರಿ."

ಗೆಳೆಯ ನನ್ನ ಕಡೆ ನೋಡಿದ. ಕಡಿಯುವುದಂದರೇನು ಎಂದು ಅವನ ಹುಬ್ಬು ಕೇಳಿತು. "ಅದರ ಗರಜಿಲ್ಲ. ನೋಡಿದ್ರ ಗೊತ್ತಾಗತೈತಿ" ಎಂದು ಚೀಟಿ ಬರೆದು ಸಿಕ್ಕೆ ಹಾಕಿದೆ. ನಾಲ್ಕು ಬಂಡಿ ಹತ್ತಿ ಗೋದಾಮಿನ ದೊಡ್ಡ ರಾಶಿಯ ಹೊಟ್ಟೆಗೆ ಬಿತ್ತು. ಅದರ ಮೇಲೆ ಇನ್ನೂ ಎಷ್ಟೋ ಬಂಡಿಗಳದು ಬಿತ್ತು. ಗೆಳೆಯ, "ನಿಂದು ಭಾಳ ಜವಾಬ್ದಾರಿ ಕೆಲಸಪಾ" ಎಂದು ಹೊಗಳಿ ಕಿತ್ತೂರಿನ ಬಸ್ಸು ಹತ್ತಿದ.

ಇಮಾಮಸಾಬರು ತಿರುಗಿ ಬಂದ ದಿನ ಬೆಳಿಗ್ಗೆ, ಮದುವೆಯ ಬುಂದೆ ಉಂಡಿಯ ಪೊಟ್ಟಣ ನನ್ನ ಕೈಯಲ್ಲಿಟ್ಟು, ಗೋದಾಮಿನ ಬಾಗಿಲಿಗೆ ಹೋದರು. ಹೋದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮೂಗೆತ್ತಿದರು. ಚಪ್ಪಲಿ ಕಳಚಿದರು. ಬರಿಗಾಲಲ್ಲಿ ರಾಶಿಯ ಸುತ್ತ ಒಂದು ಸುತ್ತು ಬಂದು, ಒಂದು ಕಡೆ ನಿಂತು, ಕೋಟು ತೆಗೆದು, ಹತ್ತಿಯೊಳಗೆ ಹೆಗಲ ತನಕ ತೋಳು ತೂರಿಸಿದರು. ಕಣ್ಣು ಮುಚ್ಚಿದರು. ಮಗುವಿನ ಹೊಟ್ಟೆ ಮುಟ್ಟಿ ನೋಡುವ ತಾಯಿಯ ಮುಖ ಅದು.

"ಜ್ವರಾ ಬಂದೈತ್ರಿ ಸಾಹೇಬ್ರ" ಎಂದರು. "ಒಳಗ ಹತ್ತಿ ಬೇಯಾಕ ಹತ್ತೈತಿ."

ಇದು ನನಗೆ ಗೊತ್ತಿರದ ವಿಷಯವಲ್ಲ! ಹಸಿ ವಸ್ತುವಿನ ರಾಶಿ ತನ್ನಷ್ಟಕ್ಕೆ ಕಾವು ಏರಿ, ಗಾಳಿಯ ಆಮ್ಲಜನಕ ಸಿಕ್ಕಾಗ ಹೊತ್ತಿಕೊಳ್ಳುವ ಬಗೆಯನ್ನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ, ಚಿತ್ರ ಸಮೇತ. ಆ ನಾಲ್ಕು ಪುಟ ಒಮ್ಮೆಲೇ ನೆನಪಾಗಿ, "ಇಮಾಮಸಾಬ್ರ, ಅದಕ್ಕ ಇಂತಿಷ್ಟು ಉಷ್ಣತೆ ಬೇಕಾಗತೈತಿ, ಅಷ್ಟು ಲಗೂನ..." ಎಂದು ವಾದಕ್ಕೆ ನಿಂತೆ. ಅವರು ನನ್ನ ಕೈ ಹಿಡಿದು ರಾಶಿಯೊಳಗೆ ತೂರಿಸಿದರು. ಆಗತಾನೇ ಬಸಿದ ಅನ್ನದೊಳಗೆ ಕೈ ಹಾಕಿದಂತಾಯಿತು. ನಾಲ್ಕು ಪುಟವೂ ಮರೆತುಹೋಯಿತು.

"ನೀರು! ನೀರು ತರ್ರಿ! ಬಾಗಲಾ ಎಲ್ಲಾ ತಗೀರಿ!" ಎಂದು ಕೂಗಿಕೊಂಡೆ.

"ಬಾಗಲಾ ಮುಚ್ಚರಿ!" ಎಂದು ಇಮಾಮಸಾಬರು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಗಾಳಿ ಕಡೆ ಬಾಗಲಾ ಮುಚ್ಚರಿ. ಒಂದ ಬಾಗಲಾ ಅಷ್ಟ ತಗೀರಿ. ನಡಕ ಕೈ ಹಾಕಬ್ಯಾಡ್ರಿ, ಅಂಚಿನಿಂದ ತಗೀರಿ. ನೀರ ತುಂಬಿ ಇಡ್ರಿ, ನಾ ಹೇಳೂತನಕಾ ಹಾಕಬ್ಯಾಡ್ರಿ."

ಹತ್ತಿ ಹಸನು ಮಾಡುವ ಹೆಂಗಸರು, ಹಮಾಲರು, ಗೇಟಿನವನು, ಎಲ್ಲರೂ ಬುಟ್ಟಿ ಹಿಡಿದು ಸಾಲಾಗಿ ನಿಂತರು. ಅಂಚಿನಿಂದ ತೆಗೆ, ಅಂಗಳಕ್ಕೆ ಒಯ್ದು ತೆಳ್ಳಗೆ ಹರಡು. ಮತ್ತೆ ತೆಗೆ, ಮತ್ತೆ ಹರಡು. ನಾನೂ ಬುಟ್ಟಿ ಹೊತ್ತೆ. ಹೊರುತ್ತ ಹೊರುತ್ತ ನನಗೆ ಹೊಳೆಯಿತು: ಒಳಗಿನ ಕಾವಿಗೆ ಒಮ್ಮೆಲೇ ಗಾಳಿ ಕೊಡಬಾರದು ಎನ್ನುವುದೇ ನನ್ನ ನಾಲ್ಕು ಪುಟದ ತಿರುಳು. ಅದನ್ನು ಬರೆದವನು ಬಾಗಿಲು ತೆರೆಯಿರಿ ಎಂದಿದ್ದೆ. ಆಮ್ಲಜನಕದ ಹೆಸರನ್ನೇ ಕೇಳದವರು ಮುಚ್ಚಿರಿ ಎಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳ ಹೊಟ್ಟೆ ಬಿಚ್ಚಿಕೊಂಡಿತು. ಹಬೆ ಎದ್ದಿತು. ಸಂಪಗಾಂವದ ಅಜ್ಜನ ಬೆಳ್ಳನೆಯ ಹತ್ತಿ ಚಹದ ಬಣ್ಣಕ್ಕೆ ತಿರುಗಿತ್ತು; ಒಂದು ಕಡೆ ಕಂದು, ಆ ಕಂದಿನ ನಡುವೆ ಅಂಗೈಯಗಲ ಕಪ್ಪು. ಆ ಕಪ್ಪಿನಿಂದ ನೂಲಿನಷ್ಟು ಸಣ್ಣ ಹೊಗೆ. "ಈಗ ಹಾಕ್ರಿ ನೀರು" ಎಂದರು ಇಮಾಮಸಾಬರು. ಅಷ್ಟೇ. ಚುಸ್ ಎಂದಿತು, ಮುಗಿಯಿತು.

ಗೋದಾಮಿನ ಗೋಡೆಗೆ ಅಂಟಿಕೊಂಡೇ ಜೀನು. ಜೀನಿನಲ್ಲಿ ನಲವತ್ತು ಹೆಂಗಸರು. ಇಮಾಮಸಾಬರು ನೆಲದ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನೂ ನಾನು ಅದೇ ಮೊದಲ ಸಲ ನೋಡಿದ್ದು. "ಸಣ್ಣಾಂವ ಇದ್ದಾಗ ರಾಮದುರ್ಗದ ಕಡೆ ಒಂದ ಜೀನು ಸುಟ್ಟದ್ದ ನೋಡಿದ್ನಿರಿ. ಆ ವಾಸನಿ ಮೂಗಿನ್ಯಾಗಿಂದ ಹೋಗೂದಿಲ್ರಿ" ಎಂದರು. ಅವರ ತೋಳು ಹೆಗಲ ತನಕ ಕೆಂಪಾಗಿತ್ತು. ನನಗೆ ಆ ತೋಳಿಗೆ ಕೈ ಮುಗಿಯಬೇಕು ಅನಿಸಿತು. ಮುಗಿದಿದ್ದರೆ ಅವರು ಬೈಯುತ್ತಿದ್ದರು.

ಅಷ್ಟರಲ್ಲಿ ಮ್ಯಾನೇಜರ್ ಕುಲಕರ್ಣಿಯವರು ಧೋತರದ ಚುಂಗು ಹಿಡಿದುಕೊಂಡು ಓಡಿ ಬಂದರು. ಎಲ್ಲವನ್ನೂ ಕಣ್ಣಿನಲ್ಲೇ ಅಳೆದು, ಬೆವರಿಳಿಯುತ್ತಿದ್ದ ನನ್ನ ಬೆನ್ನು ಚಪ್ಪರಿಸಿ, "ಶಾಬ್ಬಾಸ್! ಇದಕ್ಕ ನೋಡ್ರಿ, ಗ್ರಾಜುಯೇಟ್ ಬೇಕು ಅಂತ ಕಮಿಟಿಯವರು ಹೇಳಿದ್ದು. ಸೈನ್ಸ್ ಗೊತ್ತಿದ್ದದ್ದಕ್ಕ ಉಳೀತು!" ಎಂದರು.

ಆಗ ನಾನು ಕೂಡಲೇ ಬಾಯಿ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಒಂದು ನಿಮಿಷದಷ್ಟು ಹೊತ್ತು ಆ ಶಾಬ್ಬಾಸನ್ನು ಬೆನ್ನ ಮೇಲೆ ಇಟ್ಟುಕೊಂಡೇ ನಿಂತಿದ್ದೆ. ಬೆಚ್ಚಗಿತ್ತು. ಇಮಾಮಸಾಬರು ನೆಲ ನೋಡುತ್ತಿದ್ದರು. ಬುಟ್ಟಿ ಹಿಡಿದ ಹೆಂಗಸರೆಲ್ಲ ನನ್ನನ್ನು ನೋಡುತ್ತಿದ್ದರು.

"ಉಳಿಸಿದಾಂವ ನಾ ಅಲ್ರಿ" ಎಂದೆ ಕೊನೆಗೆ. "ಸುಡಾಕ ಹತ್ತಿದಾಂವ ನಾನು. ಹಸಿ ಹತ್ತಿ ಪಾಸ್ ಮಾಡೀನಿ. ಬೀಜಾ ಕಡಿ ಅಂದ್ರೂ ಕಡೀಲಿಲ್ಲ. ಉಳಿಸಿದವರು ಇಮಾಮಸಾಬ್ರು."

ಕುಲಕರ್ಣಿಯವರು ಗಾಬರಿಯಾಗಿ ಸುತ್ತ ನೋಡಿದರು. "ಮೆಲ್ಲಕ, ಮೆಲ್ಲಕ ಮಾತಾಡ್ರಿ! ವರದಿಯೊಳಗ ಹಿಂಗೆಲ್ಲಾ ಬರದ್ರ ನಿಮ್ಮ ನೌಕರಿ ಹೋಗತೈತಿ, ನಿಯಮಾ ಮಾಡಿದ ಕಮಿಟಿ ಮರ್ಯಾದಿನೂ ಹೋಗತೈತಿ."

"ಹೋಗಲ್ರಿ" ಎಂದೆ. ಜೀವನದಲ್ಲಿ ನಾನು ಆಡಿದ ದೊಡ್ಡ ಮಾತು ಅದೊಂದೇ. ಆಡಿದ ಮೇಲೆ ಅಪ್ಪನ "ಹೌದನು?" ಕಿವಿಯಲ್ಲಿ ಕೇಳಿಸಿತು. ಆದರೂ ಅಂದು ಸಂಜೆ ಕೂತು ವರದಿಯನ್ನು ನಡೆದ ಹಾಗೆಯೇ ಬರೆದೆ. ಕುಲಕರ್ಣಿಯವರು ಅದನ್ನು ಎರಡು ದಿನ ಮೇಜಿನ ಖಾನೆಯಲ್ಲಿಟ್ಟುಕೊಂಡು ಸಂಕಟಪಟ್ಟು ಮೂರನೆಯ ದಿನ ಕಮಿಟಿಗೆ ಕಳಿಸಿದರು.

ನನ್ನ ನೌಕರಿ ಹೋಗುತ್ತದೆಂದು ಮುಂದೆ ಒಂದು ತಿಂಗಳು ಕಾದೆ. ಕಾಯುತ್ತ ಬೀಜ ಕಚ್ಚುವುದನ್ನು ಕಲಿತೆ. ಶರ್ಟಿನ ಮೇಲೆ ಹತ್ತಿಯ ನವಿರು ಅಂಟಿಸಿಕೊಂಡು, ಬಂಡಿಗಳ ನಡುವೆ ನಿಂತು, ದಿನಕ್ಕೆ ನೂರು ಬೀಜ ಕಡಿದೆ. ಮೊದಮೊದಲು ಎಲ್ಲ ಬೀಜವೂ ಒಂದೇ ಥರ ಕಟ್ಟೆನ್ನುತ್ತಿತ್ತು. ಇಮಾಮಸಾಬರು ನನ್ನ ದವಡೆಗೆ ಕಿವಿಯೊಡ್ಡಿ ಕೇಳಿ, "ಅದು ಬೀಜದ ಸಪ್ಪಳಲ್ರಿ, ನಿಮ್ಮ ಹಲ್ಲಿಂದು" ಎಂದು ತಿದ್ದುತ್ತಿದ್ದರು.

ಕೊನೆಗೆ ಕಮಿಟಿಯಿಂದ ಲಕೋಟೆ ಬಂತು. ನನಗೆ ಒಂದು ಎಚ್ಚರಿಕೆಯ ಕಾಗದ. ಇಮಾಮಸಾಬರಿಗೆ ಒಂದು ಪ್ರಶಂಸಾ ಪತ್ರ. ಅವರದು ಇಂಗ್ಲಿಷಿನಲ್ಲಿ ಟೈಪಾಗಿತ್ತು. ಓದಿ ಹೇಳಿ ಎಂದು ನನ್ನ ಕೈಗೆ ಕೊಟ್ಟರು. ಓದಲು ಹೋದವನು ಮೊದಲ ಸಾಲಿನಲ್ಲೇ ನಿಂತೆ. 'ಶ್ರೀ ಇಮಾಮಸಾಬ, ಬಿ.ಎಸ್ಸಿ.' ಎಂದಿತ್ತು. ಇಷ್ಟು ತಿಳಿದವರು ಪದವೀಧರರಲ್ಲದೆ ಇರಲು ಸಾಧ್ಯವೇ ಇಲ್ಲವೆಂದು ಟೈಪು ಮಾಡಿದವನೋ, ಸಹಿ ಮಾಡಿದವರೋ ತೀರ್ಮಾನಿಸಿದ್ದರು.

"ಯಾಕ ನಿಂತ್ರಿ ಸಾಹೇಬ್ರ? ಏನ ಬರದಾರ?"

ವಿಷಯ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು. ಕಾಗದವನ್ನು ತಿರುಗಿಸಿ ಆ ಅಕ್ಷರಗಳು ಯಾವುವೆಂದು ಬೆರಳಿಟ್ಟು ಕೇಳಿ ತಿಳಿದುಕೊಂಡರು.

"ಅದನ್ನ ಹೊಡದ ಹಾಕ್ರಿ ಸಾಹೇಬ್ರ" ಎಂದರು. "ಊರಾಗ ಗೊತ್ತಾತಂದ್ರ ಬಂಡಿಯವರು ನನ್ನ ಮಾತ ನಂಬೂದ ಬಿಟ್ಟಾರು."

ಪೆನ್ನು ತೆಗೆದು ಆ ಅಕ್ಷರಗಳ ಮೇಲೆ ಗೆರೆ ಎಳೆದೆ. ಇಮಾಮಸಾಬರಿಗೆ ಸಮಾಧಾನವಾಗಲಿಲ್ಲ. ಆಫೀಸಿನ ಕಾಗದದಲ್ಲಿ ತಿದ್ದಿದ ಕಡೆ ಜವಾಬ್ದಾರಿಯುಳ್ಳವರ ಸಹಿ ಬೇಕಲ್ಲ, ನೀವೇ ಹಾಕಿ ಎಂದರು. ಹಾಕಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕರಿ ಕೋಟಿನ ಒಳಕಿಸೆಯಲ್ಲಿ ಇಟ್ಟುಕೊಂಡು ಅವರು ಬಂಡಿಗಳ ಕಡೆ ನಡೆದರು. ಅವರು ಅಷ್ಟು ದೂರ ಹೋದ ಮೇಲೆ ನನಗೆ ನೆನಪಾಯಿತು: ಕೈಗೆ ಬಿದ್ದ ರೂಢಿಯಂತೆ, ಸಹಿಯ ಕೆಳಗೆ ಬಿ.ಎಸ್ಸಿ. ಎಂದು ಬರೆದುಕೊಟ್ಟಿದ್ದೆ.